ಹೆನಿಕರ್ ಕಾಡಿನ ಬಣ್ಣದ ಗುಂಡು

ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗದಲ್ಲಿ ನ್ಯೂ ಹ್ಯಾಂಪ್‌ಷೈರ್ ಎಂಬ ಚಿಕ್ಕ ರಾಜ್ಯವಿದೆ. ಅದರ ರಾಜಧಾನಿ ಕಾಂಕರ್ಡ್. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 15 ಮೈಲಿ ಸಾಗಿದರೆ ಹೆನಿಕರ್ ಎಂಬ ಊರು ಸಿಗುತ್ತದೆ. ಜನಸಂಖ್ಯೆ 6 ಸಾವಿರದ ಆಸುಪಾಸು. 1768ರಲ್ಲಿ ಅಂದಿನ ಗವರ್ನರನು ಲಂಡನ್ನಿನ ವರ್ತಕ ಜಾನ್ ಹೆನಿಕರನ ಹೆಸರನ್ನು ಈ ಊರಿಗೆ ಇಟ್ಟನು. ಈ ಹೆಸರಿನ ಊರು ಭೂಮಂಡಲದಲ್ಲಿ ತಮ್ಮದೊಂದೇ ಎಂದು ಅಲ್ಲಿಯವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಊರಿನ ನಡುವೆ ಕಾಂಟೂಕುಕ್ ನದಿ ಬಂಡೆಗಳ ಮೇಲೆ ಸದ್ದು ಮಾಡುತ್ತ ಹರಿಯುತ್ತದೆ. ನದಿಗೆ ಅಡ್ಡಲಾಗಿ, ಮನೆಯಂತೆ ಮಾಡು ಹೊದಿಸಿದ ಮರದ ಸೇತುವೆಯೊಂದಿದೆ. ಸುತ್ತಲೂ ಕಾಡು, ಆ ಕಾಡಿನಲ್ಲಿ ಎತ್ತರವಾದ ಬಿಳಿ ಪೈನ್ ಮರಗಳು.

ಕಳೆದ ಬೇಸಿಗೆಯಲ್ಲಿ ಬಾಸ್ಟನ್ ಸಮೀಪದ ಕನ್ನಡ ಕುಟುಂಬವೊಂದರ ಆತಿಥ್ಯದಲ್ಲಿದ್ದಾಗ ನಾವು ಈ ಊರನ್ನು ನೋಡಿದೆವು. ಪ್ರವಾಸಿಗರ ಪಟ್ಟಿಯಲ್ಲಿ ಹೆನಿಕರಿಗೆ ದೊಡ್ಡ ಸ್ಥಾನವೇನೂ ಇಲ್ಲ. ಆದರೂ ಲೋಕದ ಹಲವು ದೇಶಗಳಲ್ಲಿ ಇಂದು ಆಡುತ್ತಿರುವ ಪೇಂಟ್‌ಬಾಲ್ ಎಂಬ ಆಟ ಹುಟ್ಟಿದ್ದು ಈ ಕಾಡಿನಲ್ಲಿ. ಆತಿಥೇಯರ ಹದಿನೇಳು ವರ್ಷದ ಮಗನಿಗೆ ಈ ಆಟದ ಹುಚ್ಚು. ನಮ್ಮನ್ನು ಅಲ್ಲಿಗೆ ಕರೆದೊಯ್ಯಬೇಕೆಂದು ಹಟ ಹಿಡಿದವನೂ ಅವನೇ.

ಮರಗಳ ಮೇಲೆ ಗುರುತು ಹಾಕುವುದು ಈ ಸೀಮೆಗೆ ಹೊಸದಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ಬಿಳಿ ಪೈನ್ ಮರಗಳು ರಾಜನ ನೌಕಾಪಡೆಯ ಹಾಯಿಕಂಬಗಳಿಗೆ ಮೀಸಲಾಗಿದ್ದವು. ರಾಜನ ಅಧಿಕಾರಿಗಳು ಕಾಡಿಗೆ ಬಂದು, ಒಳ್ಳೆಯ ಮರವನ್ನು ಆರಿಸಿ, ಕೊಡಲಿಯಿಂದ ಬಾಣದಾಕಾರದ ಗುರುತು ಕೆತ್ತಿ ಹೋಗುತ್ತಿದ್ದರು. ಒಂದು ಅಡಿಗಿಂತ ದಪ್ಪನೆಯ ಬಿಳಿ ಪೈನ್ ಮರವನ್ನು ಅನುಮತಿಯಿಲ್ಲದೆ ಕಡಿಯಬಾರದೆಂದು 1722ರಲ್ಲಿ ಈ ಪ್ರಾಂತದಲ್ಲಿ ಕಾನೂನೇ ಆಯಿತು. ಹೆನಿಕರಿಗೆ ಹೊಂದಿಕೊಂಡಿರುವ ವೇರ್ ಎಂಬ ಊರಿನ ಜನ 1772ರಲ್ಲಿ ಈ ಕಾನೂನಿನ ವಿರುದ್ಧ ದಂಗೆಯೆದ್ದು, ಬಂಧಿಸಲು ಬಂದ ಅಧಿಕಾರಿಯನ್ನು ಬೆತ್ತಗಳಿಂದ ಹೊಡೆದು ಓಡಿಸಿದರು.

ಕಾಲ ಕಳೆದಂತೆ ಕೊಡಲಿಯ ಗುರುತಿನ ಸ್ಥಾನಕ್ಕೆ ಬಣ್ಣ ಬಂದಿತು. ಕಡಿಯಬೇಕಾದ ಮರಕ್ಕೆ ಬಣ್ಣ ಹಚ್ಚುವುದು ಅರಣ್ಯದ ಕೆಲಸಗಾರರ ನಿತ್ಯದ ಕಾಯಕ. ಹಳ್ಳವನ್ನೂ ಮುಳ್ಳುಪೊದೆಯನ್ನೂ ದಾಟಿ ಪ್ರತಿಯೊಂದು ಮರದ ಬುಡಕ್ಕೂ ಹೋಗುವುದು ಕಷ್ಟವಷ್ಟೆ. ಅದಕ್ಕಾಗಿ ನೆಲ್ಸನ್ ಎಂಬ ಬಣ್ಣದ ಕಂಪನಿಯು ದೂರದಿಂದಲೇ ಬಣ್ಣದ ಗುಂಡು ಹಾರಿಸುವ ಪಿಸ್ತೂಲನ್ನು ಮಾರುಕಟ್ಟೆಗೆ ತಂದಿತು. ಡೈಸಿ ಕಂಪನಿಯಲ್ಲಿ ತಯಾರಾದ ಅದರ ಹೆಸರು ನೆಲ್‌ಸ್ಪಾಟ್ 007. ದನಗಾಹಿಗಳು ಹಿಂಡಿನಲ್ಲಿ ಬೇರ್ಪಡಿಸಬೇಕಾದ ದನಗಳನ್ನು ಗುರುತಿಸಲೂ ಇದನ್ನು ಬಳಸುತ್ತಿದ್ದರು. ಇಂದಿಗೂ ಆಟಗಾರರು ತಮ್ಮ ಆಯುಧವನ್ನು ಬಂದೂಕು ಎನ್ನದೆ ‘ಮಾರ್ಕರ್’, ಅಂದರೆ ಗುರುತು ಹಾಕುವ ಸಾಧನ ಎಂದು ಕರೆಯುವುದು ಈ ಮೂಲದಿಂದ.

ಆಟ ಹುಟ್ಟಿದ್ದು ಒಂದು ವಾದದಿಂದ. ಚಾರ್ಲ್ಸ್ ಗೇನ್ಸ್ ಒಬ್ಬ ಲೇಖಕ. ಹೇಯ್ಸ್ ನೋಯೆಲ್ ನ್ಯೂಯಾರ್ಕಿನ ಷೇರು ವ್ಯವಹಾರದವರು. ಕಾಡಿನಲ್ಲಿ ಒಂಟಿಯಾಗಿ ಬಿಟ್ಟರೆ ಹಳ್ಳಿಗಾಡಿನವನು ಉಳಿದುಕೊಳ್ಳುತ್ತಾನೋ, ನಗರದ ಪೈಪೋಟಿಯಲ್ಲಿ ಪಳಗಿದವನು ಉಳಿದುಕೊಳ್ಳುತ್ತಾನೋ ಎಂದು ಗೆಳೆಯರಿಬ್ಬರೂ ಬಹುಕಾಲ ಚರ್ಚಿಸುತ್ತಿದ್ದರು. ಕೃಷಿ ಸಾಮಗ್ರಿಗಳ ಪಟ್ಟಿಯೊಂದರಲ್ಲಿ ಈ ಪಿಸ್ತೂಲಿನ ಚಿತ್ರ ಕಣ್ಣಿಗೆ ಬಿದ್ದಾಗ ವಾದವನ್ನು ಪರೀಕ್ಷೆಗೆ ಒಡ್ಡುವ ದಾರಿ ಹೊಳೆಯಿತು. ಬಾಬ್ ಗರ್ನ್ಸಿ ಎಂಬ ಮತ್ತೊಬ್ಬ ಗೆಳೆಯರೂ ಸೇರಿ ನಿಯಮಗಳನ್ನು ರೂಪಿಸಿದರು. 1981ರ ಜೂನ್ 27ರಂದು ಹನ್ನೆರಡು ಜನ ಹೆನಿಕರ್ ಬಳಿಯ ಕಾಡನ್ನು ಹೊಕ್ಕರು. ಕಾಡಿನ ನಾಲ್ಕು ಕಡೆ ನಾಲ್ಕು ಬಣ್ಣದ ಬಾವುಟಗಳು. ಪ್ರತಿ ಬಣ್ಣದ ಒಂದೊಂದು ಬಾವುಟವನ್ನು ಸಂಗ್ರಹಿಸಿ, ಯಾರ ಗುಂಡಿನ ಬಣ್ಣವೂ ತಗಲದಂತೆ ಹೊರಗೆ ಬಂದವನೇ ವಿಜಯಿ.

ಇಲ್ಲಿ ವಾಚಕರು ಗಮನಿಸಬೇಕಾದ ಸಂಗತಿ ಒಂದುಂಟು. ಅಂದು ಹನ್ನೆರಡು ಜನರ ಕೈಯಲ್ಲಿಯೂ ಇದ್ದದ್ದು ಅದೇ ನೆಲ್‌ಸ್ಪಾಟ್ ಪಿಸ್ತೂಲು. ಒಂದು ಗುಂಡು ಹಾರಿಸಿದ ಮೇಲೆ ಕೈಯಿಂದ ಎಳೆದು ಸಜ್ಜು ಮಾಡಿದ ಹೊರತು ಇನ್ನೊಂದು ಹಾರದು. ಸಲಕರಣೆಯಲ್ಲಿ ಹೆಚ್ಚು ಕಡಿಮೆ ಎಂಬುದೇ ಇರಲಿಲ್ಲ. ಗೆದ್ದವರು ರಿಚಿ ವೈಟ್ ಎಂಬ ಅರಣ್ಯ ಕಸುಬಿನವರು. ಅವರು ನಾಲ್ಕೂ ಬಾವುಟಗಳನ್ನು ಹಿಡಿದು ಹೊರಬಂದಾಗ ಅವರ ಪಿಸ್ತೂಲಿನಿಂದ ಒಂದು ಗುಂಡೂ ಹಾರಿರಲಿಲ್ಲ. ಆ ಪಿಸ್ತೂಲು ಯಾವ ಕಸುಬಿಗಾಗಿ ಹುಟ್ಟಿತ್ತೋ ಆ ಕಸುಬಿನವರೇ ಅದನ್ನು ಬಳಸದೆ ಗೆದ್ದರು. ಮರದ ಮರೆ, ಒಣಗಿದ ಎಲೆಯ ಸದ್ದು, ನೆಲದ ಏರಿಳಿತ ಇವುಗಳ ಅರಿವೇ ಅವರ ನಿಜವಾದ ಆಯುಧವಾಗಿತ್ತು.

ಇಂದಿನ ಆಟದ ನೋಟವೇ ಬೇರೆ. ಹೆನಿಕರ್ ನೋಡಿಕೊಂಡು ಹಿಂದಿರುಗುವ ಹಾದಿಯಲ್ಲಿ ಆ ಹುಡುಗನು ತಾನು ಆಡುವ ಮೈದಾನಕ್ಕೆ ನಮ್ಮನ್ನು ಕರೆದೊಯ್ದನು. ಸುತ್ತಲೂ ಎತ್ತರವಾದ ಬಲೆ. ನಾವು ಅದರ ಹೊರಗೆ ಬೆಂಚಿನ ಮೇಲೆ ಕುಳಿತೆವು. ಮರದ ಮೇಜುಗಳ ಮೇಲೆ ಆಟಗಾರರು ತಮ್ಮ ತಮ್ಮ ಸಲಕರಣೆಗಳನ್ನು ಹರಡಿಕೊಂಡಿದ್ದರು. ಗುಂಡು ತುಂಬುವ ಡಬ್ಬಿ, ಗಾಳಿಯ ಸಿಲಿಂಡರು, ಬಗೆಬಗೆಯ ನಳಿಗೆಗಳು, ಮುಖಕವಚಗಳು. ಕೆಲವು ಮಾರ್ಕರುಗಳಲ್ಲಿ ವಿದ್ಯುನ್ಮಾನ ಕುದುರೆ. ಅವುಗಳ ಬೆಲೆ ಸಾವಿರದೈನೂರು ಡಾಲರನ್ನೂ ಮೀರುತ್ತದೆ. ಗುಂಡು ಮಾತ್ರ ಎಲ್ಲರಿಗೂ ಒಂದೇ ತೆರನಾದದ್ದು. ಔಷಧದ ಕ್ಯಾಪ್ಸೂಲಿನಂತೆ ಜೆಲಟಿನ್ ಹೊದಿಕೆ, ಒಳಗೆ ನೀರಿನಲ್ಲಿ ತೊಳೆದು ಹೋಗುವ ಬಣ್ಣ, ತೂಕ ಸುಮಾರು 3 ಗ್ರಾಂ.

“ಅಜ್ಜಾರ, ಕೈಯಾಗಿನ ಮಾರ್ಕರ್ ನೋಡಿದ್ರ ಸಾಕು, ಯಾರು ಹೆಂಗ ಆಡ್ತಾರಂತ ನಾ ಹೇಳ್ತೀನಿ” ಎಂದು ಹುಡುಗ ಮೆಲುದನಿಯಲ್ಲಿ ಪರಿಚಯ ಮಾಡಿಸತೊಡಗಿದನು. ಬಾಡಿಗೆಯ ಮಾರ್ಕರ್ ಹಿಡಿದವರು ಹೊಸಬರು. ಹೊಳೆಯುವ ವಿದ್ಯುನ್ಮಾನ ಮಾರ್ಕರ್ ಹಿಡಿದ ತರುಣ ನುರಿತವನು. ಮೂಲೆಯಲ್ಲಿ ಮಾಸಿದ ಅಂಗಿ ತೊಟ್ಟ ಐವತ್ತರ ಪ್ರಾಯದ ಗೃಹಸ್ಥರೊಬ್ಬರು ಕೈಯಿಂದ ಎಳೆಯುವ ಹಳೆಯ ಪಂಪ್ ಮಾರ್ಕರನ್ನು ಒರೆಸುತ್ತಿದ್ದರು. “ಅವರೇನು ಬಿಡ್ರಿ, ಹಳೇ ಕಾಲದವರು” ಎಂದು ಹುಡುಗ ಅವರನ್ನು ಲೆಕ್ಕದಿಂದ ತೆಗೆದುಹಾಕಿದನು. ಎರಡು ಬೇಸಿಗೆ ರಜೆಗಳಲ್ಲಿ ದುಡಿದು ಕೂಡಿಟ್ಟ ಹಣದಲ್ಲಿ ಆ ತರುಣನಲ್ಲಿರುವಂಥದೇ ಮಾರ್ಕರ್ ಕೊಳ್ಳಬೇಕೆಂಬುದು ಅವನ ಸಂಕಲ್ಪ. ತಂದೆಗೆ ಇದು ಒಪ್ಪಿಗೆಯಿಲ್ಲ. ಈ ವಿಷಯವಾಗಿ ಮನೆಯಲ್ಲಿ ಒಂದು ವಾರದಿಂದ ಮಾತು ಬಿಗಿಯಾಗಿತ್ತು.

ಆಟಕ್ಕೆ ಮುನ್ನ ರೆಫರಿಯು ಪ್ರತಿಯೊಂದು ಮಾರ್ಕರಿನ ಗುಂಡಿನ ವೇಗವನ್ನು ಯಂತ್ರದಿಂದ ಅಳೆದನು. ಈ ಆಟದಲ್ಲಿ ಗುಂಡಿನ ವೇಗ ಸೆಕೆಂಡಿಗೆ 300 ಅಡಿಯನ್ನು ಮೀರಕೂಡದೆಂಬುದು ಸಾಮಾನ್ಯ ನಿಯಮ. ಕೆಲವೆಡೆ ಇನ್ನೂ ಕಡಿಮೆ. ನೂರು ಡಾಲರಿನದಾಗಲಿ ಎರಡು ಸಾವಿರ ಡಾಲರಿನದಾಗಲಿ, ಒಂದೇ ಮಿತಿಗೆ ಒಳಪಟ್ಟ ಗುಂಡು ಹೆಚ್ಚುಕಡಿಮೆ ಒಂದೇ ದೂರ ಹೋಗುತ್ತದೆ. ಗುಂಡು ದುಂಡಗೂ ಹಗುರವಾಗಿಯೂ ಇರುವುದರಿಂದ ಗಾಳಿಯು ಅದನ್ನು ಬೇಗನೆ ತಡೆಯುತ್ತದೆ. ನಳಿಗೆ ಉದ್ದವಾದ ಮಾತ್ರಕ್ಕೆ ಗುರಿ ನೇರವಾಗುವುದಿಲ್ಲ. ಬೆಲೆ ತೆತ್ತು ಪಡೆಯುವುದು ಮುಖ್ಯವಾಗಿ ಒಂದರ ಹಿಂದೆ ಒಂದರಂತೆ ಹಾರಿಸುವ ಶೀಘ್ರತೆ, ಕುದುರೆಯ ನಯ ಮತ್ತು ಗಾಳಿಯ ಉಳಿತಾಯ. ಸಮಬಲರ ಪಂದ್ಯದಲ್ಲಿ ಇವು ಉಪಯುಕ್ತವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಎಲ್ಲಿ ನಿಲ್ಲಬೇಕು, ಯಾವಾಗ ಮುಂದೆ ಸರಿಯಬೇಕು ಎಂಬ ವಿವೇಕವನ್ನು ಯಾವ ಕಂಪನಿಯೂ ಮಾರುವುದಿಲ್ಲ.

ಆಟ ಆರಂಭವಾಯಿತು. ವಿದ್ಯುನ್ಮಾನ ಮಾರ್ಕರಿನ ತರುಣನು ಮಳೆ ಸುರಿದಂತೆ ಗುಂಡು ಹಾರಿಸಿದನು; ಎದುರಿನ ಮರಗಳೆಲ್ಲ ಹಳದಿಯಾದವು. ಮಾಸಿದ ಅಂಗಿಯ ಗೃಹಸ್ಥರು ಒಂದು ಪೈನ್ ಮರದ ಮರೆಯಲ್ಲಿ ಮೊಣಕೈಗಳನ್ನು ಮೈಗೆ ಒತ್ತಿಕೊಂಡು, ಕಣ್ಣೂ ಮಾರ್ಕರೂ ಮಾತ್ರ ಹೊರಗೆ ಕಾಣುವಂತೆ ಕಾದು ನಿಂತರು. ತರುಣನು ಡಬ್ಬಿಗೆ ಗುಂಡು ತುಂಬಲು ಬಗ್ಗಿದ ಕ್ಷಣದಲ್ಲಿ ಅವರು ಬದಿಗೆ ಸರಿದು ಎರಡೇ ಗುಂಡು ಹಾರಿಸಿದರು. ಎರಡನೆಯದು ಅವನ ತೋಳಿಗೆ ತಗಲಿತು. ನಮ್ಮ ಹುಡುಗನೂ ಸ್ವಲ್ಪ ಹೊತ್ತಿನಲ್ಲಿ ಅವರ ಗುಂಡಿನಿಂದಲೇ ಬಣ್ಣ ಹಚ್ಚಿಸಿಕೊಂಡು ಹೊರಬಂದನು.

ಮುಂದಿನ ಸುತ್ತಿನಲ್ಲಿ ನಡೆದದ್ದು ನಮ್ಮ ಎದೆ ನಡುಗಿಸಿತು. ಸೆಕೆಗೆ ಮುಖಕವಚದ ಗಾಜು ಮಂಜುಗಟ್ಟಿರಬೇಕು. ಅದೇ ತರುಣನು ಆಟದ ನಡುವೆ, ಮೈದಾನದೊಳಗೇ ಕವಚವನ್ನು ಹಣೆಯ ಮೇಲಕ್ಕೆ ಎತ್ತಿದನು. ರೆಫರಿಯ ಸೀಟಿ ಕಿವಿ ಗಡಚಿಕ್ಕುವಂತೆ ಮೊಳಗಿತು. ಆಟವೆಲ್ಲ ನಿಂತಿತು. ಗೃಹಸ್ಥರು ತಮ್ಮ ಮಾರ್ಕರಿನ ಬಾಯಿಯನ್ನು ನೆಲಕ್ಕೆ ತಿರುಗಿಸಿ ಓಡಿಬಂದು, ತಮ್ಮ ಅಂಗೈಯನ್ನು ಅವನ ಕಣ್ಣಿಗೆ ಅಡ್ಡ ಹಿಡಿದು ಕವಚವನ್ನು ಕೆಳಗಿಳಿಸಿದರು. ಸೆಕೆಂಡಿಗೆ 300 ಅಡಿ ವೇಗದ ಗುಂಡು ಬರಿಗಣ್ಣಿಗೆ ಬಡಿದರೆ ದೃಷ್ಟಿಯೇ ಹೋಗಬಹುದು. ಬಳಿಕ ಅವರು ತರುಣನನ್ನು ಬಲೆಯ ಹೊರಗೆ ಕರೆತಂದು, ಮಾರ್ಕರಿನ ಬಾಯಿಗೆ ಬಟ್ಟೆಯ ಗವಸು ತೊಡಿಸಿ, ಎರಡು ಪದರದ ಗಾಜುಳ್ಳ ಕವಚವು ಬೇಗನೆ ಮಂಜುಗಟ್ಟುವುದಿಲ್ಲವೆಂದು ತಾಳ್ಮೆಯಿಂದ ತಿಳಿಸಿದರು.

ಹುಡುಗನು ಇದೆಲ್ಲವನ್ನೂ ನೋಡುತ್ತಿದ್ದನು. ನಾವಾಗಲಿ ಅವನ ತಂದೆಯಾಗಲಿ ಏನನ್ನೂ ಹೇಳಲಿಲ್ಲ. ಕಾರಿನಲ್ಲಿ ಕುಳಿತು ಹತ್ತು ಮೈಲಿ ಬಂದ ಮೇಲೆ ಅವನೇ ಮಾತು ತೆಗೆದನು. “ಅಪ್ಪಾ, ಮೊದ್ಲು ಅಂಥಾ ಮಾಸ್ಕ್ ತಗೋತೀನಿ. ಮಾರ್ಕರಿಂದು ಆಮ್ಯಾಲ ನೋಡೂಣು.” ತಂದೆ “ಆತು ತಮ್ಮಾ” ಎಂದರು. ಅಷ್ಟರಿಂದಲೇ ಮನೆಯ ಬಿಗಿ ಸಡಿಲಿತು. ಮಾರ್ಕರಿನ ಆಸೆಯನ್ನು ಅವನು ಬಿಟ್ಟನೆಂದು ನಾವು ಹೇಳಲಾರೆವು; ಬಿಡಬೇಕಾದ ಅಗತ್ಯವೂ ಇಲ್ಲ. ಕೊಳ್ಳುವ ಕ್ರಮ ಬದಲಾಯಿತು, ಅದು ಸಾಕು.

ಸಲಕರಣೆಯನ್ನು ನೋಡಿ ಆಟಗಾರನನ್ನು ಅಳೆಯುವುದು ಪೂರ್ತಿ ತಪ್ಪೆಂದು ನಮಗೆ ಅನಿಸುವುದಿಲ್ಲ. ನೋಡಬೇಕಾದುದು ಅದರ ಬೆಲೆಯನ್ನಲ್ಲ, ಅದರೊಡನೆ ಅವನ ನಡತೆಯನ್ನು. ಕವಚದ ಗಾಜು ಸ್ವಚ್ಛವಾಗಿದೆಯೇ, ಅದರ ಪಟ್ಟಿ ಬಿಗಿಯಾಗಿದೆಯೇ, ಮೈದಾನದಿಂದ ಹೊರಬರುವಾಗ ಮಾರ್ಕರಿನ ಬಾಯಿಗೆ ಗವಸು ಬಿದ್ದಿದೆಯೇ, ಒಡೆದ ಗುಂಡಿನ ಬಣ್ಣವನ್ನು ನಳಿಗೆಯಿಂದ ಒರೆಸಿದ್ದಾನೆಯೇ ಎಂಬುದನ್ನು ಕಂಡರೆ ಅವನ ಕೈ ಎಷ್ಟು ಪಳಗಿದೆಯೆಂಬುದು ತಿಳಿಯುತ್ತದೆ. ಈಗ ಬೆಂಗಳೂರಿನ ಸುತ್ತಮುತ್ತಲೂ ಇಂಥ ಮೈದಾನಗಳಿವೆ. ನಮ್ಮ ಮನೆಗಳ ಮಕ್ಕಳೂ ಗೆಳೆಯರೊಡನೆ ಅಲ್ಲಿಗೆ ಹೋಗುತ್ತಾರೆ. ಕಳುಹಿಸುವ ತಂದೆತಾಯಿಗಳು ಒಮ್ಮೆ ಜೊತೆಯಲ್ಲಿ ಹೋಗಿ, ಅಲ್ಲಿ ಕೊಡುವ ಮುಖಕವಚವನ್ನು ತಮ್ಮ ಕೈಯಾರೆ ಪರೀಕ್ಷಿಸಿ ನೋಡುವುದು ಒಳ್ಳೆಯದು.