ಸಕಲೇಶಪುರಕ್ಕೆ ಎಷ್ಟು ಲೀಟರ್?

ಹೊಸ ಕಾರು ಬೆಂಗಳೂರಲ್ಲಿ ಲೀಟರಿಗೆ 11 ಕಿ.ಮೀ. ದಾಟುತ್ತಿರಲಿಲ್ಲ. ಕಂಪನಿ ಹೇಳಿದ್ದು 20. ಈ ಲೆಕ್ಕದಲ್ಲಿ ಸಕಲೇಶಪುರಕ್ಕೆ ಹೋಗಿಬರಲು 40 ಲೀಟರ್ ಬೇಕು. ಇಎಂಐ ಕಟ್ಟಿಕೊಂಡು ತಿಂಗಳಿಗೊಮ್ಮೆ ಅಮ್ಮನ್ನ ನೋಡೋಕೆ ಹೋಗೋದು ಹೇಗೆ? ಸರ್ವೀಸ್ ಸೆಂಟರಿನಲ್ಲಿ, "ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ ಸರ್" ಅಂದರು. ಅದನ್ನ ಕೇಳಿಕೊಂಡು ಕೂರೋಕೆ ಆಗಲಿಲ್ಲ.

ಶನಿವಾರ ಬೆಳಿಗ್ಗೆ ಮನೆ ಹತ್ತಿರವೇ ಗಾಳಿ ಚೆಕ್ ಮಾಡಿಸಿದೆ. ಡ್ರೈವರ್ ಬಾಗಿಲಿನ ಸ್ಟಿಕ್ಕರಿನಲ್ಲಿ 33 ಅಂತಿತ್ತು, ಟೈರಿನಲ್ಲಿದ್ದದ್ದು 27. ನೆಲಮಂಗಲದ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಕಿಲೋಮೀಟರ್ ಬರೆದುಕೊಂಡೆ. ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ... ಎಸಿ ಹಾಕಿಕೊಂಡೇ 80ರ ಆಸುಪಾಸಿನಲ್ಲಿ ಓಡಿಸಿದೆ. ಹಾಸನ ದಾಟಿ ಕಾಫಿ ತೋಟ ಶುರುವಾದ ಮೇಲೆ ಕಿಟಕಿ ಇಳಿಸಿದೆ. ಆ ತಂಪಿಗೆ ಎಸಿ ಯಾಕೆ?

ಭಾನುವಾರ ವಾಪಸ್ ಬಂದು ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿದೆ. 392 ಕಿ.ಮೀ.ಗೆ 21.2 ಲೀಟರ್. ಹದಿನೆಂಟೂವರೆ!

ಕಾರಿಗೇನೂ ರೋಗವಿಲ್ಲ. ಕಂಪನಿಯ ಅಂಕಿ ಬರೋದು ಲ್ಯಾಬಿನಲ್ಲಿ, ರೋಲರ್ ಮೇಲೆ ಓಡಿಸಿ. ಅಲ್ಲಿ ಸಿಲ್ಕ್ ಬೋರ್ಡ್ ಜಾಮ್ ಇರಲ್ಲ. ನನ್ನ ಆಫೀಸು 6 ಕಿ.ಮೀ.; ಎಂಜಿನ್ ಬಿಸಿಯಾಗೋದರೊಳಗೆ ಅರ್ಧ ದಾರಿ ಮುಗಿದಿರುತ್ತೆ, ಮಿಕ್ಕಿದ್ದು ಸಿಗ್ನಲಿನಲ್ಲಿ ನಿಂತಲ್ಲೇ ಪೆಟ್ರೋಲ್ ಕುಡಿಯೋದು.

ಮುಂದಿನ ತಿಂಗಳು ಅಮ್ಮನ್ನ ಕೂರಿಸಿಕೊಂಡು ಧರ್ಮಸ್ಥಳಕ್ಕೆ. ಶಿರಾಡಿ ಘಾಟಿ ಹತ್ತುವಾಗ ಎಷ್ಟು ಕೊಡುತ್ತೋ ನೋಡಬೇಕು.