ನೀರೊಳಗಿನ ಹಿಡಿ

ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಗೆ ಡೈವಿಂಗಿನವರನ್ನು ಒಯ್ಯುವ ದೋಣಿಯಲ್ಲಿ ನಮ್ಮಣ್ಣನಿದ್ದಾನೆ. ಬಂದವರ ಚಿತ್ರ ತೆಗೆದುಕೊಡಲೆಂದು ಸಾಲಮಾಡಿ ಗೋಪ್ರೊ ಕೊಂಡ. ಮುಷ್ಟಿಯೊಳಗೆ ಅಡಗುವ ಕ್ಯಾಮೆರಾ, ಚಿತ್ರಗಳೆಲ್ಲ ನಡುಗುತ್ತಿದ್ದವು. ಎರಡು ಕೈಯಲ್ಲಿ ಹಿಡಿಯುವ ಟ್ರೇ ಮಾಡಿಕೊಡುವೆನೆಂದು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಜಂಬ ಕೊಚ್ಚಿದೆ.

ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಯನ್ನು ಕೊಯ್ದು (ಅಮ್ಮನ ಬೈಗುಳ ಬೇರೆ!), ನಡುವೆ ಕಾಲಿಂಚಿನ ಸ್ಟೀಲ್ ಸ್ಕ್ರೂ, ಪಕ್ಕಗಳಲ್ಲಿ ಪಿ.ವಿ.ಸಿ. ಪೈಪಿನ ಹಿಡಿಗಳನ್ನಿಟ್ಟು, ತುದಿಗಳಿಗೆ ಮುಚ್ಚಳ ಬಿಗಿದೆ.

ಅಣ್ಣ ಬೈಯುತ್ತಲೇ ಮೇಲೆ ಬಂದ. “ತಮ್ಮಾ, ಇದು ಮೇಲಕ್ಕೇ ಎಳೀತದಲ್ಲೋ!”

ಪೈಪಿನೊಳಗೆ ಗಾಳಿ ಕೂತಿತ್ತು. ಮುಚ್ಚಳ ಕಿತ್ತು, ಸಾಲಾಗಿ ತೂತು ಕೊರೆದೆ. ನೀರು ಒಳಹೊಕ್ಕಿತು, ಎಳೆತ ನಿಂತಿತು. ಈಗ ಕೈಬಿಟ್ಟರೆ ಮುಳುಗುವ ಭಯ. ಮಣಿಕಟ್ಟಿಗೆ ಹುರಿ ಕಟ್ಟಿಕೊಂಡೇ ಇಳಿಯುತ್ತಾನೆ.

ಮೊನ್ನೆಯ ಚಿತ್ರದಲ್ಲಿ ಮೀನುಗಳು ನಡುಗಲಿಲ್ಲ. ಸಾಲದ ಕಂತು ಇನ್ನೂ ಆರಿವೆ.