ಹೋಗಲ್ಲ ಅಂದ ಕರ್ಟ್ ಫ್ಲಡ್

ಬೇಸ್‌ಬಾಲ್‌ನ ಔಟ್‌ಫೀಲ್ಡರ್ ಅಂದ್ರೆ, ನಮ್ಮ ಕ್ರಿಕೆಟ್ ಲೆಕ್ಕದಲ್ಲಿ, ಬೌಂಡರಿ ಹತ್ತಿರ ಓಡಿ ಎತ್ತರದ ಕ್ಯಾಚ್ ಹಿಡಿಯೋನು. ಅಂಥವರಲ್ಲಿ ನನಗೆ ತುಂಬಾ ಇಷ್ಟವಾದವನು ಅಮೆರಿಕದ ಕರ್ಟ್ ಫ್ಲಡ್. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ 12 ವರ್ಷ ಆಡಿದ. 1963ರಿಂದ ಸತತ ಏಳು ವರ್ಷ, ಉತ್ತಮ ಫೀಲ್ಡರ್‌ಗಳಿಗೆ ಕೊಡೋ ಗೋಲ್ಡ್ ಗ್ಲೋವ್ ಗೆದ್ದ.

1969ರ ಅಕ್ಟೋಬರ್‌ನಲ್ಲಿ ಅವನನ್ನು ಒಂದು ಮಾತೂ ಕೇಳದೆ ಫಿಲಡೆಲ್ಫಿಯಾ ತಂಡಕ್ಕೆ ಕೊಟ್ಟುಬಿಟ್ಟರು. ಆಗಿನ ನಿಯಮವೇ ಹಾಗೆ. ಒಪ್ಪಂದ ಮುಗಿದರೂ ಆಟಗಾರನ ಮೇಲೆ ತಂಡದ್ದೇ ಹಕ್ಕು. ಕಳಿಸಿದಲ್ಲಿಗೆ ಹೋಗಬೇಕು, ಇಲ್ಲಾಂದ್ರೆ ಆಟ ಬಿಡಬೇಕು. ಮೂರು ತಿಂಗಳ ನೋಟಿಸ್ ಪೀರಿಯಡ್‌ಗೇ ಗೊಣಗೋರು ನಾವು! ಫ್ಲಡ್‌ಗೆ ವರ್ಷಕ್ಕೆ 90 ಸಾವಿರ ಡಾಲರ್ ಸಂಬಳ, ಆ ಕಾಲಕ್ಕೆ ದೊಡ್ಡ ದುಡ್ಡು. ಸುಮ್ಮನೆ ಹೋಗಬಹುದಿತ್ತು. ಹೋಗಲಿಲ್ಲ. ತಾನು ಕೊಂಡು ಮಾರೋ ವಸ್ತುವಲ್ಲ ಅಂತ ಬೇಸ್‌ಬಾಲ್ ಕಮಿಷನರ್‌ಗೆ ಪತ್ರ ಬರೆದ, ಆಮೇಲೆ ಕೋರ್ಟಿಗೆ ಹೋದ. ಕಪ್ಪು ವರ್ಣೀಯನಾದ ಅವನ ಬಾಯಲ್ಲಿ ಆ ಮಾತಿನ ತೂಕವೇ ಬೇರೆ.

ನಿವೃತ್ತನಾಗಿದ್ದ ಜಾಕಿ ರಾಬಿನ್ಸನ್ ಬಂದು ಸಾಕ್ಷಿ ಹೇಳಿದ. ಆಗ ಆಡುತ್ತಿದ್ದವರಲ್ಲಿ ಒಬ್ಬನೂ ಸಾಕ್ಷಿ ಹೇಳಲಿಲ್ಲ. ನನ್ನನ್ನು ಕಾಡೋದು ಇದೇ. ಹಾಗಂತ ಅವರನ್ನು ಬೈಯೋಕೂ ಮನಸ್ಸು ಬರಲ್ಲ, ಇಎಂಐ ಕಟ್ಟೋರಿಗೆಲ್ಲ ಆ ಭಯ ಗೊತ್ತು.

1970ರಲ್ಲಿ ಅವನು ಆಡಲೇ ಇಲ್ಲ. ಮರುವರ್ಷ ವಾಷಿಂಗ್ಟನ್ ತಂಡಕ್ಕೆ ಬರೀ 13 ಪಂದ್ಯ ಆಡಿ ಬಿಟ್ಟುಬಿಟ್ಟ. 1972ರಲ್ಲಿ ಸುಪ್ರೀಂ ಕೋರ್ಟ್ ತೀರ್ಪೂ 5-3ರಲ್ಲಿ ಅವನ ವಿರುದ್ಧವೇ ಬಂತು. 1975ರ ಕೊನೆಯಲ್ಲಿ, ಬೇರೆ ಇಬ್ಬರು ಆಟಗಾರರ ದೂರಿನಿಂದ ಆ ಹಳೇ ನಿಯಮ ಬಿತ್ತು. ತಂಡ ಆರಿಸಿಕೊಳ್ಳೋ ಹಕ್ಕು, ಭಾರೀ ಸಂಬಳ ಎಲ್ಲ ಆಮೇಲೆ ಬಂದವರಿಗೆ. ಫ್ಲಡ್ 1997ರಲ್ಲಿ ತೀರಿಕೊಂಡ. ಅವನ ಹೆಸರಿನ ಕಾನೂನು ಬಂದಿದ್ದು ಮರುವರ್ಷ.